ಚುಕ್ಕೆ ಮೆಕ್ಕೆಜೋಳದ ಗುಟ್ಟು: ಬಾರ್ಬರಾ ಮೆಕ್‌ಕ್ಲಿಂಟಾಕ್ ಮತ್ತು ‘ಕಸದ ಡಿಎನ್‌ಎ’ ಕಥೆ

ನೀಲಿ, ಕೆಂಪು, ಹಳದಿ ಕಾಳುಗಳು ಬೆರೆತಿರುವ ಮೆಕ್ಕೆಜೋಳದ ತೆನೆಯ ಫೋಟೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಕೆಲವು ಕಾಳುಗಳ ಮೇಲೆ ಯಾರೋ ಶಾಯಿ ಚಿಮುಕಿಸಿದ ಹಾಗೆ ಚುಕ್ಕೆಗಳಿರುತ್ತವೆ. ಫೋಟೊದ ಕೆಳಗೆ ಒಂದು ಎಚ್ಚರಿಕೆ ಇರುತ್ತದೆ: ಇದು ಬಣ್ಣ ಚುಚ್ಚಿದ ಜೋಳ, ಇಲ್ಲವೇ ಕಂಪನಿಯವರು ತಯಾರಿಸಿದ ಕುಲಾಂತರಿ ಜೋಳ, ತಿಂದರೆ ರೋಗ ಗ್ಯಾರಂಟಿ, ಕೂಡಲೇ ಎಲ್ಲರಿಗೂ ಕಳಿಸಿ.

ಇನ್ನೊಂದು ಬಗೆಯ ಫಾರ್ವರ್ಡ್ ಕೂಡ ಓಡಾಡುತ್ತಿರುತ್ತದೆ. ಮನುಷ್ಯನ ಡಿಎನ್‌ಎಯಲ್ಲಿ ಶೇ 2ರಷ್ಟು ಮಾತ್ರ ಕೆಲಸ ಮಾಡುತ್ತದೆ, ಉಳಿದ ಶೇ 98 ಮಲಗಿದೆ, ಅದನ್ನು ಎಬ್ಬಿಸಿದರೆ ರೋಗವೇ ಬರುವುದಿಲ್ಲ, ಎಬ್ಬಿಸುವ ಪುಡಿಯೋ ಶಿಬಿರವೋ ನಮ್ಮಲ್ಲಿದೆ, ಇಂತಿಷ್ಟು ಹಣ ಕಟ್ಟಿ ಎನ್ನುತ್ತದೆ ಅದು.

ಮೊದಲನೆಯದು ಹೆದರಿಸುತ್ತದೆ, ಎರಡನೆಯದು ಆಸೆ ತೋರಿಸುತ್ತದೆ. ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಎರಡಕ್ಕೂ ಉತ್ತರ ಒಬ್ಬರೇ ಹೆಣ್ಣುಮಗಳ ಬದುಕಿನಲ್ಲಿ ಸಿಗುತ್ತದೆ. ಅವರ ಹೆಸರು ಬಾರ್ಬರಾ ಮೆಕ್‌ಕ್ಲಿಂಟಾಕ್. ಅಮೆರಿಕದವರು. ಬದುಕಿಡೀ ಮೆಕ್ಕೆಜೋಳದ ಹೊಲದಲ್ಲಿ ಕಳೆದು, 81ನೇ ವಯಸ್ಸಿನಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು. ಯಾದಗಿರಿ, ಶಹಾಪುರ, ಸುರಪುರದಂಥ ಹೊಲದ ಊರುಗಳಲ್ಲಿ ಅವರ ಕಥೆ ಅರ್ಥವಾಗುವುದು ಕಷ್ಟವೇನಲ್ಲ. ಹೊಲ, ತೆನೆ, ಬೀಜ, ತಳಿ ಇವೇ ಅದರಲ್ಲಿರುವುದು.

ಓದಿಸಿದರೆ ಮದುವೆ ಆಗುವುದಿಲ್ಲ ಎಂಬ ಚಿಂತೆ

ಬಾರ್ಬರಾ ಹುಟ್ಟಿದ್ದು 1902ರ ಜೂನ್ 16ರಂದು, ಅಮೆರಿಕದ ಕನೆಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ. ತಂದೆ ಹೋಮಿಯೋಪಥಿ ವೈದ್ಯರು. ನಾಲ್ವರು ಮಕ್ಕಳಲ್ಲಿ ಬಾರ್ಬರಾ ಮೂರನೆಯವರು. 1908ರಲ್ಲಿ ಕುಟುಂಬ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂತು. ಅಲ್ಲಿನ ಎರಾಸ್ಮಸ್ ಹಾಲ್ ಪ್ರೌಢಶಾಲೆಯಲ್ಲಿ ಓದುವಾಗ ಹುಡುಗಿಗೆ ವಿಜ್ಞಾನದ ರುಚಿ ಹತ್ತಿತು.

ಮುಂದೆ ಕಾಲೇಜಿಗೆ ಹೋಗಬೇಕು ಎಂದಾಗ ತಾಯಿ ಒಪ್ಪಲಿಲ್ಲ. ಜಾಸ್ತಿ ಓದಿದ ಹುಡುಗಿಗೆ ಗಂಡು ಸಿಗುವುದಿಲ್ಲ ಎಂಬುದು ಅವರ ಚಿಂತೆ. ಇದೇ ಚಿಂತೆಯಲ್ಲಿ ಬಾರ್ಬರಾ ಅವರ ಅಕ್ಕನ ಕಾಲೇಜು ಓದು ಕೂಡ ತಪ್ಪಿಹೋಗಿತ್ತು. ತಂದೆ ಮೊದಲ ಮಹಾಯುದ್ಧದ ಸೇನೆಯಲ್ಲಿ ವೈದ್ಯರಾಗಿ ಹೊರದೇಶದಲ್ಲಿದ್ದರು. ಬಾರ್ಬರಾ ಉದ್ಯೋಗ ಕೊಡಿಸುವ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಬಿಡುವಿದ್ದಾಗೆಲ್ಲ ಗ್ರಂಥಾಲಯಕ್ಕೆ ಹೋಗಿ ತಾವೇ ಓದಿಕೊಂಡರು. ತಂದೆ ಯುದ್ಧದಿಂದ ಮರಳಿದ ಮೇಲೆ ಮಗಳ ಪರ ನಿಂತರು. 1919ರಲ್ಲಿ ಬಾರ್ಬರಾ ಕಾರ್ನೆಲ್ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಸೇರಿದರು. ನ್ಯೂಯಾರ್ಕ್ ರಾಜ್ಯದ ವಿದ್ಯಾರ್ಥಿಗಳಿಗೆ ಆ ಕಾಲೇಜಿನಲ್ಲಿ ಬೋಧನಾ ಶುಲ್ಕ ಇರಲಿಲ್ಲ. ಆ ಒಂದು ಅನುಕೂಲ ಇಲ್ಲದಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತೋ ಏನೋ.

ನೂರು ವರ್ಷದ ಹಿಂದಿನ ಆ ತಾಯಿಯ ಚಿಂತೆ ನಮಗೆ ಹೊಸದಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲೇ ಅತಿ ಕಡಿಮೆ ಸಾಕ್ಷರತೆ ಇದ್ದದ್ದು ಯಾದಗಿರಿ ಜಿಲ್ಲೆಯಲ್ಲಿ, ಸುಮಾರು ಶೇ 52. ಹೆಣ್ಣುಮಕ್ಕಳಲ್ಲಿ ಅದು ಸುಮಾರು ಶೇ 41 ಮಾತ್ರ. ಬಾರ್ಬರಾ ಕಲಿತಂಥ ಕೃಷಿ ಕಾಲೇಜು ಈಗ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲೂ ಇದೆ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ. ಕಾಲೇಜು ಹತ್ತಿರ ಬಂದಿದೆ. ಮಗಳನ್ನು ಅಲ್ಲಿಗೆ ಕಳಿಸಬೇಕೋ ಬೇಡವೋ ಎಂಬ ತೀರ್ಮಾನ ಮಾತ್ರ ಇಂದಿಗೂ ಮನೆಯೊಳಗೇ ಆಗುತ್ತದೆ.

ಒಂದೊಂದು ಕಾಳೂ ಒಂದೊಂದು ಮಗು

ಬಾರ್ಬರಾ 1923ರಲ್ಲಿ ಪದವಿ, 1925ರಲ್ಲಿ ಸ್ನಾತಕೋತ್ತರ ಪದವಿ, 1927ರಲ್ಲಿ ಡಾಕ್ಟರೇಟ್ ಪಡೆದರು. ಅಧ್ಯಯನಕ್ಕೆ ಆರಿಸಿಕೊಂಡದ್ದು ಮೆಕ್ಕೆಜೋಳವನ್ನು. ನಮ್ಮ ಕಡೆ ಗೋವಿನಜೋಳ ಎನ್ನುವುದೂ ಇದನ್ನೇ.

ಮೆಕ್ಕೆಜೋಳವೇ ಏಕೆ? ತೆನೆಯ ತುದಿಯಲ್ಲಿ ಕೂದಲಿನಂಥ ಎಳೆಗಳಿರುವುದನ್ನು ನೀವು ನೋಡಿದ್ದೀರಿ. ಆ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಹೋಗುವ ದಾರಿ. ಪ್ರತಿ ಎಳೆಯ ಮೇಲೆ ಬೇರೆ ಬೇರೆ ಪರಾಗದ ಕಣ ಬಿದ್ದು ಪ್ರತಿ ಕಾಳೂ ಬೇರೆಯಾಗಿ ಹುಟ್ಟುತ್ತದೆ. ಅಂದರೆ ಒಂದು ತೆನೆಯಲ್ಲಿ ನೂರಾರು ಮಕ್ಕಳು ಸಾಲಾಗಿ ಕುಳಿತಿರುತ್ತಾರೆ. ತಂದೆತಾಯಿಯ ಗುಣ ಮಕ್ಕಳಿಗೆ ಹೇಗೆ ಹೋಗುತ್ತದೆ ಎಂದು ಎಣಿಸಿ ನೋಡಲು ಇದಕ್ಕಿಂತ ಅನುಕೂಲದ ಬೆಳೆ ಸಿಗುವುದು ಕಷ್ಟ. ಯಾವ ಗಿಡದ ಪರಾಗ ಯಾವ ತೆನೆಗೆ ಬೀಳಬೇಕು ಎಂಬುದನ್ನು ಬಾರ್ಬರಾ ತಾವೇ ನಿರ್ಧರಿಸುತ್ತಿದ್ದರು. ತೆನೆಗೆ ಚೀಲ ಕಟ್ಟಿ, ಕೈಯಿಂದಲೇ ಪರಾಗ ಹಾಕಿ, ಪ್ರತಿ ಗಿಡದ ಲೆಕ್ಕ ಬರೆದಿಡುತ್ತಿದ್ದರು.

ಗುಣಗಳನ್ನು ಹೊತ್ತೊಯ್ಯುವ ಮಾಹಿತಿಯ ತುಣುಕಿಗೆ ಜೀನ್ ಎನ್ನುತ್ತಾರೆ, ಕನ್ನಡದಲ್ಲಿ ವಂಶವಾಹಿ. ಜೀನ್‌ಗಳು ಡಿಎನ್‌ಎ ಎಂಬ ಉದ್ದ ದಾರದ ಮೇಲೆ ಇರುತ್ತವೆ. ಆ ದಾರ ಸುತ್ತಿಕೊಂಡು ಆದ ಕಟ್ಟುಗಳೇ ವರ್ಣತಂತು, ಅಂದರೆ ಕ್ರೋಮೊಸೋಮ್. ಮೆಕ್ಕೆಜೋಳದಲ್ಲಿ ಹತ್ತು ಬಗೆಯ ವರ್ಣತಂತುಗಳಿವೆ. ಆ ಹತ್ತನ್ನೂ ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಗುರುತು ಹಿಡಿಯುವ ವಿಧಾನವನ್ನು ಬಾರ್ಬರಾ ಕಂಡುಕೊಂಡರು. 1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಎಂಬ ವಿದ್ಯಾರ್ಥಿನಿಯ ಜೊತೆ ಸೇರಿ, ವರ್ಣತಂತುಗಳು ತಮ್ಮ ತುಂಡುಗಳನ್ನು ಒಂದಕ್ಕೊಂದು ಅದಲುಬದಲು ಮಾಡಿಕೊಂಡಾಗ ಗುಣಗಳೂ ಅದಲುಬದಲಾಗುತ್ತವೆ ಎಂದು ತೋರಿಸಿದರು.

ಇಷ್ಟಾದರೂ ಕಾಯಂ ಕೆಲಸ ಸಿಗಲಿಲ್ಲ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ವಿಜ್ಞಾನದ ಪ್ರಾಧ್ಯಾಪಕ ಹುದ್ದೆ ಸಿಗುವುದು ಅಪರೂಪ. ಕೆಲವು ವರ್ಷ ವಿದ್ಯಾರ್ಥಿವೇತನಗಳ ಮೇಲೆಯೇ ದಿನ ದೂಡಿದರು. 1936ರಲ್ಲಿ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಅಲ್ಲಿ ತಮಗೆ ಮುಂದೆ ದಾರಿಯಿಲ್ಲ ಎನಿಸಿ 1941ರಲ್ಲಿ ಬಿಟ್ಟು ಹೊರಟರು. ಅದೇ ವರ್ಷದ ಕೊನೆಗೆ ನ್ಯೂಯಾರ್ಕ್ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಸಂಶೋಧನಾ ಕೇಂದ್ರಕ್ಕೆ ಬಂದರು. ಬದುಕಿನ ಉಳಿದ ಐವತ್ತು ವರ್ಷ ಅದೇ ಅವರ ನೆಲೆ.

ಜಾಗ ಬದಲಿಸುವ ಜೀನ್

1944ರಿಂದ ಬಾರ್ಬರಾ ಒಂದು ವಿಚಿತ್ರ ತಳಿಯ ಹಿಂದೆ ಬಿದ್ದರು. ಅದರ ಗಿಡಗಳಲ್ಲಿ ಒಂಬತ್ತನೇ ವರ್ಣತಂತು ಯಾವಾಗಲೂ ಒಂದೇ ಜಾಗದಲ್ಲಿ ಮುರಿಯುತ್ತಿತ್ತು. ಅದರ ತೆನೆಗಳಲ್ಲಿ ಕಾಳುಗಳು ಚುಕ್ಕೆ ಚುಕ್ಕೆಯಾಗಿದ್ದವು. ಬಣ್ಣವಿಲ್ಲದ ಕಾಳಿನ ಮೇಲೆ ನೇರಳೆ ಚುಕ್ಕೆ, ಕೆಲವು ದೊಡ್ಡವು, ಕೆಲವು ಸಾಸಿವೆಗಿಂತ ಸಣ್ಣವು.

ನಾಲ್ಕು ವರ್ಷ ಬಿತ್ತಿ, ಕೊಯ್ದು, ಎಣಿಸಿದ ಮೇಲೆ 1948ರ ಹೊತ್ತಿಗೆ ಅವರಿಗೆ ಗುಟ್ಟು ಹತ್ತಿತು. ಡಿಎನ್‌ಎಯಲ್ಲಿ ಕೆಲವು ತುಂಡುಗಳು ಒಂದೇ ಕಡೆ ಕೂರುವುದಿಲ್ಲ. ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಹೋಗಿ ಕೂರುತ್ತವೆ. ಬಣ್ಣ ಮಾಡುವ ಜೀನ್‌ನ ಒಳಗೆ ಇಂಥ ತುಂಡು ಬಂದು ಕುಳಿತರೆ ಆ ಜೀನ್ ಕೆಡುತ್ತದೆ, ಕಾಳಿಗೆ ಬಣ್ಣ ಬರುವುದಿಲ್ಲ. ಕಾಳು ಬೆಳೆಯುತ್ತಿರುವಾಗ ಯಾವುದೋ ಒಂದು ಕೋಶದಲ್ಲಿ ಆ ತುಂಡು ಎದ್ದು ಹೋದರೆ ಜೀನ್ ಸರಿಯಾಗುತ್ತದೆ. ಆ ಕೋಶ ಮತ್ತು ಅದರಿಂದ ಹುಟ್ಟಿದ ಎಲ್ಲ ಕೋಶಗಳೂ ಬಣ್ಣ ಮಾಡುತ್ತವೆ. ಅದೇ ಚುಕ್ಕೆ. ತುಂಡು ಬೇಗ ಎದ್ದುಹೋದರೆ ದೊಡ್ಡ ಚುಕ್ಕೆ, ತಡವಾಗಿ ಹೋದರೆ ಸಣ್ಣ ಚುಕ್ಕೆ.

ಇಂಥ ಎರಡು ತುಂಡುಗಳನ್ನು ಅವರು ಗುರುತಿಸಿದರು. ಒಂದರ ಹೆಸರು ಡಿಎಸ್, ಇನ್ನೊಂದರ ಹೆಸರು ಎಸಿ. ಡಿಎಸ್‌ಗೆ ಸ್ವಂತ ಶಕ್ತಿಯಿಂದ ಏಳಲು ಆಗುವುದಿಲ್ಲ. ಅದೇ ಕೋಶದಲ್ಲಿ ಎಸಿ ಇದ್ದರೆ ಮಾತ್ರ ಏಳುತ್ತದೆ. ಇವುಗಳನ್ನೇ ಈಗ ಜಿಗಿಯುವ ಜೀನ್ ಎನ್ನುತ್ತಾರೆ.

ಅಲ್ಲಿಗೆ ಮೊದಲ ಫಾರ್ವರ್ಡ್‌ನ ಅರ್ಧ ಕಥೆ ಮುಗಿಯಿತು. ತೆನೆಯ ಮೇಲಿನ ಚುಕ್ಕೆಯನ್ನು ಯಾರೂ ಚುಚ್ಚಿಲ್ಲ. ಗಿಡದ ಡಿಎನ್‌ಎಯಲ್ಲಿ ತಾನಾಗಿಯೇ ನಡೆದ ಓಡಾಟದ ಗುರುತು ಅದು.

ಕಾಲುವೆಯ ನೀರು ಮತ್ತು ತೂಬು

ಬಾರ್ಬರಾ ಇಲ್ಲಿಗೆ ನಿಲ್ಲಲಿಲ್ಲ. ಅವರಿಗೆ ಜಿಗಿತಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು ಪ್ರಶ್ನೆ. ಗಿಡದ ಬೇರು, ಎಲೆ, ಹೂವು, ಕಾಳು ಎಲ್ಲದರಲ್ಲೂ ಇರುವುದು ಒಂದೇ ಡಿಎನ್‌ಎ. ಹಾಗಿದ್ದ ಮೇಲೆ ಬೇರು ಬೇರಾಗಿ, ಎಲೆ ಎಲೆಯಾಗಿ ಏಕೆ ಬೆಳೆಯುತ್ತದೆ?

ನಾರಾಯಣಪುರ ಎಡದಂಡೆ ಕಾಲುವೆಯನ್ನು ನೆನಪಿಸಿಕೊಳ್ಳಿ. ಬಸವಸಾಗರದಿಂದ ಹರಿದು ಬರುವ ನೀರು ಒಂದೇ. ಆದರೆ ಯಾವ ಹೊಲಕ್ಕೆ ಯಾವಾಗ ಎಷ್ಟು ನೀರು ಎಂಬುದು ನಿರ್ಧಾರವಾಗುವುದು ತೂಬಿನಲ್ಲಿ, ಗೇಟಿನಲ್ಲಿ. ನೀರು ಇದ್ದರಷ್ಟೇ ಸಾಲದು, ಗೇಟು ಎತ್ತುವವರೂ ಇಳಿಸುವವರೂ ಬೇಕು. ಜೀನ್‌ಗಳ ವಿಷಯವೂ ಹೀಗೆಯೇ. ಪ್ರತಿ ಕೋಶದಲ್ಲೂ ಎಲ್ಲ ಜೀನ್‌ಗಳಿದ್ದರೂ ಕೆಲವು ತೆರೆದಿರುತ್ತವೆ, ಕೆಲವು ಮುಚ್ಚಿರುತ್ತವೆ. ನಿಮ್ಮ ಕಣ್ಣಿನ ಕೋಶದಲ್ಲಿ ಹೊಟ್ಟೆಯ ಜೀರ್ಣರಸ ಮಾಡುವ ಜೀನ್ ಇದೆ, ಆದರೆ ಅದರ ಗೇಟು ಇಳಿದಿದೆ.

ತಮ್ಮ ಜಿಗಿಯುವ ತುಂಡುಗಳು ಇಂಥ ಗೇಟುಗಳೇ ಇರಬೇಕು ಎಂದು ಬಾರ್ಬರಾ ತರ್ಕಿಸಿದರು. ಅದಕ್ಕೇ ಅವನ್ನು ನಿಯಂತ್ರಕಗಳು ಎಂದು ಕರೆದರು. ಇನ್ನೊಂದು ಸೂಕ್ಷ್ಮವನ್ನೂ ಅವರು ಗಮನಿಸಿದರು. ಇಂಥ ತುಂಡು ಕೆಲವು ತಲೆಮಾರು ಚುರುಕಾಗಿರುತ್ತದೆ, ಆಮೇಲೆ ಸುಮ್ಮನಾಗುತ್ತದೆ, ಮತ್ತೆ ಯಾವಾಗಲೋ ಚುರುಕಾಗುತ್ತದೆ. ತುಂಡು ಅಲ್ಲೇ ಇರುತ್ತದೆ, ಬದಲಾಗಿರುವುದಿಲ್ಲ. ಹಾಗಾದರೆ ಅದನ್ನು ಸುಮ್ಮನಾಗಿಸುತ್ತಿರುವುದು ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುವ ಉಪಕರಣಗಳು ಆಗ ಇರಲಿಲ್ಲ. ಡಿಎನ್‌ಎಯ ಆಕಾರ ಗೊತ್ತಾಗಿದ್ದೇ 1953ರಲ್ಲಿ.

ಮೂವತ್ತು ವರ್ಷ ಯಾರೂ ನಂಬಲಿಲ್ಲವೇ?

ಬಾರ್ಬರಾ ಅವರ ಬಗ್ಗೆಯೂ ಒಂದು ಫಾರ್ವರ್ಡ್ ಮಾದರಿಯ ಕಥೆ ಇದೆ. ಎಲ್ಲರೂ ಅವರನ್ನು ಹುಚ್ಚಿ ಎಂದು ನಕ್ಕರು, ಮೂವತ್ತು ವರ್ಷ ಮೂಲೆಗೆ ತಳ್ಳಿದರು, ಕೊನೆಗೆ ನೊಬೆಲ್ ಬಂದು ಎಲ್ಲರ ಬಾಯಿ ಮುಚ್ಚಿಸಿತು ಎಂದು. ಕೇಳಲು ಚೆನ್ನಾಗಿದೆ. ಆದರೆ ಇದರಲ್ಲಿ ಅರ್ಧ ಮಾತ್ರ ನಿಜ.

ನಿಜ ಏನೆಂದರೆ, ಈ ಸಂಶೋಧನೆಗೂ ಮೊದಲೇ ಅವರು ದೊಡ್ಡ ವಿಜ್ಞಾನಿ. 1944ರಲ್ಲೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾಗಿದ್ದರು. ಆ ಗೌರವ ಪಡೆದ ಮೂರನೇ ಮಹಿಳೆ ಅವರು. 1945ರಲ್ಲಿ ಅಮೆರಿಕದ ಜೆನೆಟಿಕ್ಸ್ ಸೊಸೈಟಿಯ ಮೊದಲ ಮಹಿಳಾ ಅಧ್ಯಕ್ಷೆಯಾಗಿದ್ದರು. 1950ರಲ್ಲಿ ಜಿಗಿಯುವ ತುಂಡುಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು, 1951ರಲ್ಲಿ ದೊಡ್ಡ ವಿಜ್ಞಾನ ಸಭೆಯೊಂದರಲ್ಲಿ ವಿವರಿಸಿದರು. ಕೇಳಿದವರಲ್ಲಿ ಹೆಚ್ಚಿನವರಿಗೆ ಅದು ಸರಿಯಾಗಿ ಅರ್ಥವಾಗಲಿಲ್ಲ. ಆದರೂ ಮೆಕ್ಕೆಜೋಳದ ಮೇಲೆ ಕೆಲಸ ಮಾಡುತ್ತಿದ್ದ ಬೇರೆ ವಿಜ್ಞಾನಿಗಳು ಕೆಲವೇ ವರ್ಷಗಳಲ್ಲಿ ತಮ್ಮ ಹೊಲಗಳಲ್ಲೂ ಅದನ್ನೇ ಕಂಡರು. ತುಂಡುಗಳು ಜಿಗಿಯುತ್ತವೆ ಎಂಬುದನ್ನು ಅವರು ಒಪ್ಪಿದರು. ಇದು ಮೆಕ್ಕೆಜೋಳಕ್ಕೆ ಮಾತ್ರ ಸೀಮಿತವಾದ ವಿಚಿತ್ರ ಎಂದು ಉಳಿದವರು ಅಂದುಕೊಂಡರು. ಆ ತುಂಡುಗಳೇ ಇಡೀ ಗಿಡದ ಬೆಳವಣಿಗೆಯನ್ನು ನಿಯಂತ್ರಿಸುತ್ತವೆ ಎಂಬ ಅವರ ದೊಡ್ಡ ವಾದವನ್ನು ಹೆಚ್ಚಿನವರು ಒಪ್ಪಲಿಲ್ಲ.

ಜನ ಕೇಳುತ್ತಿಲ್ಲ ಎನಿಸಿದ ಮೇಲೆ 1950ರ ದಶಕದ ನಡುವಿನಿಂದ ಬಾರ್ಬರಾ ಈ ವಿಷಯದ ವಿವರಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸುವುದನ್ನು ಬಹಳ ಕಡಿಮೆ ಮಾಡಿದರು. ಬಿತ್ತನೆ ಮಾತ್ರ ನಿಲ್ಲಿಸಲಿಲ್ಲ. 1957ರಿಂದ ಮಧ್ಯ ಮತ್ತು ದಕ್ಷಿಣ ಅಮೆರಿಕದ ನಾಟಿ ಮೆಕ್ಕೆಜೋಳದ ತಳಿಗಳನ್ನೂ ಅಧ್ಯಯನ ಮಾಡಿದರು.

1961ರಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ, ಬ್ಯಾಕ್ಟೀರಿಯಾದಲ್ಲಿ ಜೀನ್‌ಗಳನ್ನು ತೆರೆಯುವ ಮುಚ್ಚುವ ವ್ಯವಸ್ಥೆ ಇದೆ ಎಂದು ತೋರಿಸಿದರು. ಜೀನ್ ಮುಚ್ಚುವ ವಸ್ತು ಆರ್‌ಎನ್‌ಎ ಇರಬಹುದು ಎಂಬುದು ಅವರ ಊಹೆ. ಅವರು ನೋಡಿದ ಬ್ಯಾಕ್ಟೀರಿಯಾದಲ್ಲಿ ಅದು ಪ್ರೋಟೀನ್ ಎಂದು 1966ರಲ್ಲಿ ಗೊತ್ತಾಯಿತು. ಆರ್‌ಎನ್‌ಎ ವಿಚಾರವನ್ನು ಹೆಚ್ಚಿನವರು ಮರೆತರು. ಬಾರ್ಬರಾ ಮಾತ್ರ 1961ರಲ್ಲೇ ಲೇಖನ ಬರೆದು, ಬ್ಯಾಕ್ಟೀರಿಯಾದ ಈ ವ್ಯವಸ್ಥೆಗೂ ತಮ್ಮ ಮೆಕ್ಕೆಜೋಳಕ್ಕೂ ಇರುವ ಹೋಲಿಕೆಯನ್ನು ತೋರಿಸಿದರು.

1960ರ ದಶಕದ ಕೊನೆಯಿಂದ ಬ್ಯಾಕ್ಟೀರಿಯಾದಲ್ಲೂ ಆಮೇಲೆ ನೊಣಗಳಲ್ಲೂ ಜಿಗಿಯುವ ಜೀನ್‌ಗಳು ಸಿಕ್ಕವು. ಆಗ ಎಲ್ಲರೂ ಹಳೆಯ ಪ್ರಬಂಧಗಳನ್ನು ತೆಗೆದು ಓದಿದರು. 1983ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಬೇರೆ ಯಾರೊಂದಿಗೂ ಹಂಚಿಕೊಳ್ಳದೆ ಆ ವಿಭಾಗದ ನೊಬೆಲ್ ಪಡೆದ ಏಕೈಕ ಮಹಿಳೆ ಇಂದಿಗೂ ಅವರೇ. ಸುದ್ದಿ ಅವರಿಗೆ ತಿಳಿದದ್ದು ರೇಡಿಯೊದಿಂದ, ಮನೆಯಲ್ಲಿ ಫೋನ್ ಇರಲಿಲ್ಲ. ಅವರು ಮದುವೆಯಾಗಲಿಲ್ಲ. 1992ರ ಸೆಪ್ಟೆಂಬರ್ 2ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಮರುವರ್ಷ ಬಂದ ಸುಳಿವು

ಜಿಗಿಯುವ ತುಂಡನ್ನು ಸುಮ್ಮನಾಗಿಸುವುದು ಯಾವುದು ಎಂಬ ಅವರ ಪ್ರಶ್ನೆ ಉಳಿದೇ ಇತ್ತು. ಅದರ ಉತ್ತರದಲ್ಲಿ ದೊಡ್ಡ ಪಾಲು ಆರ್‌ಎನ್‌ಎಗೆ ಸೇರಿದ್ದು.

ಆರ್‌ಎನ್‌ಎ ಎಂದರೆ ಡಿಎನ್‌ಎಯ ತುಂಡಿನ ನಕಲು ಪ್ರತಿ ಎಂದುಕೊಳ್ಳಿ. ತಹಶೀಲ್ದಾರ್ ಕಚೇರಿಯ ಮೂಲ ದಾಖಲೆ ಹೊರಗೆ ಬರುವುದಿಲ್ಲ, ನಮಗೆ ಸಿಗುವುದು ನಕಲು. ಹಾಗೆಯೇ ಡಿಎನ್‌ಎ ಕೋಶದ ನಡುವಿನ ಕೋಣೆಯಲ್ಲಿ ಉಳಿಯುತ್ತದೆ, ಅದರ ನಕಲು ಹೊರಗೆ ಬಂದು ಪ್ರೋಟೀನ್ ತಯಾರಿಗೆ ಸೂಚನೆ ಕೊಡುತ್ತದೆ. ಆರ್‌ಎನ್‌ಎ ಮಾಡುವ ಮುಖ್ಯ ಕೆಲಸ ಇದೇ ಎಂದು ಬಹಳ ಕಾಲ ಅಂದುಕೊಂಡಿದ್ದರು. ಪ್ರೋಟೀನ್‌ಗೆ ಸೂಚನೆ ಕೊಡದೆ ಬೇರೆ ಕೆಲಸ ಮಾಡುವ ಆರ್‌ಎನ್‌ಎಗಳೂ ಇವೆ. ಅವುಗಳಲ್ಲಿ ಕೆಲವು ಗೇಟು ಇಳಿಸುವ ಕೆಲಸ ಮಾಡುತ್ತವೆ.

ಬಾರ್ಬರಾ ತೀರಿಕೊಂಡ ಮರುವರ್ಷ, 1993ರಲ್ಲಿ, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರ ತಂಡಗಳಿಗೆ ಸುಮಾರು 22 ಅಕ್ಷರಗಳ ಪುಟಾಣಿ ಆರ್‌ಎನ್‌ಎ ಸಿಕ್ಕಿತು. ಅದು ಇನ್ನೊಂದು ಜೀನ್‌ನ ನಕಲು ಪ್ರತಿಗೆ ಅಂಟಿಕೊಂಡು ಅದರ ಬಾಯಿ ಕಟ್ಟುತ್ತಿತ್ತು. ಇದೂ ಆ ಹುಳುವಿಗೆ ಮಾತ್ರ ಸೀಮಿತ ಎಂದೇ ಮೊದಲು ಅಂದುಕೊಂಡರು. 2000ದಲ್ಲಿ ಅಂಥದ್ದೇ ಇನ್ನೊಂದು ಆರ್‌ಎನ್‌ಎ ಮನುಷ್ಯನಲ್ಲೂ ಇದೆ ಎಂದು ಗೊತ್ತಾಯಿತು. ಇವಕ್ಕೆ ಮೈಕ್ರೋಆರ್‌ಎನ್‌ಎ ಎಂದು ಹೆಸರು. 2024ರ ನೊಬೆಲ್ ಆ ಇಬ್ಬರಿಗೆ ಸಿಕ್ಕಿತು.

ಗಿಡಗಳ ಕಡೆಯಿಂದಲೂ ಸುಳಿವು ಬಂತು. 1990ರಲ್ಲಿ ಪಿಟುನಿಯಾ ಹೂವಿನ ನೇರಳೆ ಬಣ್ಣ ಹೆಚ್ಚಿಸಲೆಂದು ಬಣ್ಣದ ಜೀನ್‌ನ ಇನ್ನೊಂದು ಪ್ರತಿ ಸೇರಿಸಿದರೆ ಕೆಲವು ಹೂಗಳು ಬೆಳ್ಳಗಾದವು. ಹೊಸ ಜೀನ್ ಜೊತೆಗೆ ಹಳೆಯದೂ ಬಾಯಿ ಮುಚ್ಚಿತ್ತು. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ, ಜೋಡಿ ಎಳೆಯ ಆರ್‌ಎನ್‌ಎಗೆ ಜೀನ್‌ಗಳ ಬಾಯಿ ಮುಚ್ಚಿಸುವ ಶಕ್ತಿ ಇದೆ ಎಂದು ತೋರಿಸಿದರು. ಅದಕ್ಕೆ 2006ರಲ್ಲಿ ನೊಬೆಲ್ ಬಂತು. 1999ರಲ್ಲಿ ಗಿಡಗಳಲ್ಲೂ ಇಂಥ ಪುಟಾಣಿ ಆರ್‌ಎನ್‌ಎಗಳು ಸಿಕ್ಕವು.

ಕೊನೆಗೆ ಕಥೆ ಮೆಕ್ಕೆಜೋಳಕ್ಕೇ ಮರಳಿತು. ಜಿಗಿಯುವ ತುಂಡುಗಳಿಂದಲೇ ಹುಟ್ಟುವ ಪುಟಾಣಿ ಆರ್‌ಎನ್‌ಎಗಳು ಅಂಥದ್ದೇ ತುಂಡುಗಳು ಡಿಎನ್‌ಎಯಲ್ಲಿ ಎಲ್ಲೆಲ್ಲಿವೆ ಎಂದು ಹುಡುಕಿ, ಅವುಗಳ ಮೇಲೆ ರಾಸಾಯನಿಕ ಮುದ್ರೆ ಒತ್ತಿಸುತ್ತವೆ. ಮುದ್ರೆ ಬಿದ್ದ ತುಂಡು ಸುಮ್ಮನಾಗುತ್ತದೆ. ಮುದ್ರೆ ಅಳಿದರೆ ಮತ್ತೆ ಚುರುಕಾಗಬಹುದು. ಮೆಕ್ಕೆಜೋಳದ ಒಂದು ಜಿಗಿಯುವ ಕುಟುಂಬವನ್ನು ಹೀಗೆ ಆರ್‌ಎನ್‌ಎಯೇ ಸುಮ್ಮನಾಗಿಸುತ್ತದೆ ಎಂದು 2005ರಲ್ಲಿ ತೋರಿಸಿದರು. ಬಾರ್ಬರಾ ಸೂಕ್ಷ್ಮದರ್ಶಕ ಮತ್ತು ಬರಿಗಣ್ಣಿನಿಂದ ಕಂಡ ಏರಿಳಿತಕ್ಕೆ ಒಂದು ಕಾರಣ ಕಡೆಗೂ ಸಿಕ್ಕಿತ್ತು.

ಅವರ ಎಲ್ಲ ವಾದವೂ ಸರಿ ಎಂದು ಇದರ ಅರ್ಥವಲ್ಲ. ಜಿಗಿಯುವ ತುಂಡುಗಳಲ್ಲಿ ಹೆಚ್ಚಿನವು ತಮ್ಮ ಸಂಖ್ಯೆ ಹೆಚ್ಚಿಸಿಕೊಳ್ಳುವುದನ್ನಷ್ಟೇ ಮಾಡುತ್ತವೆ, ಕೆಲವು ಮಾತ್ರ ಗೇಟುಗಳಾಗಿ ಬಳಕೆಯಾಗಿವೆ ಎಂಬುದು ಈಗಿನ ತಿಳಿವಳಿಕೆ.

ನಮ್ಮ ತೊಗರಿಯಲ್ಲೂ, ನಮ್ಮಲ್ಲೂ

2009ರಲ್ಲಿ ಮೆಕ್ಕೆಜೋಳದ ಡಿಎನ್‌ಎಯನ್ನು ಪೂರ್ತಿ ಓದಿದಾಗ ಅದರ ಸುಮಾರು ಶೇ 85 ಭಾಗ ಜಿಗಿಯುವ ತುಂಡುಗಳೇ ಎಂದು ಗೊತ್ತಾಯಿತು. ತೊಗರಿಯ ಡಿಎನ್‌ಎ ಓದುವ ಕೆಲಸವನ್ನು ಮುನ್ನಡೆಸಿದ್ದು ನಮ್ಮ ಪಕ್ಕದ ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸಾಟ್ ಸಂಸ್ಥೆ. ಅದು 2012ರಲ್ಲಿ ಪ್ರಕಟವಾಯಿತು. ಅದಕ್ಕೆ ಆರಿಸಿಕೊಂಡದ್ದು ಆಶಾ ಎಂಬ ತಳಿ. ಸುಮಾರು 48 ಸಾವಿರ ಜೀನ್‌ಗಳು ಸಿಕ್ಕವು, ಡಿಎನ್‌ಎಯ ಅರ್ಧದಷ್ಟು ಭಾಗ ಮತ್ತೆ ಮತ್ತೆ ಬರುವ ತುಂಡುಗಳು. ಶಹಾಪುರ, ಸುರಪುರದ ಕಪ್ಪು ನೆಲದಲ್ಲಿ ನಿಂತಿರುವ ಪ್ರತಿ ತೊಗರಿ ಗಿಡದ ಒಳಗೂ ಇಂಥ ತುಂಡುಗಳನ್ನು ಹದ್ದುಬಸ್ತಿನಲ್ಲಿಡುವ ಪುಟಾಣಿ ಆರ್‌ಎನ್‌ಎಗಳು ಕೆಲಸ ಮಾಡುತ್ತಿವೆ.

ಗಿಡಗಳು ಇದೇ ಉಪಾಯವನ್ನು ವೈರಸ್‌ಗಳ ವಿರುದ್ಧವೂ ಬಳಸುತ್ತವೆ. ಒಳಗೆ ಬಂದ ವೈರಸ್‌ನ ಆರ್‌ಎನ್‌ಎಯನ್ನು ಚೂರು ಮಾಡಿ, ಆ ಚೂರುಗಳನ್ನೇ ಗುರುತಿನ ಚೀಟಿಯಾಗಿಟ್ಟುಕೊಂಡು ಉಳಿದ ವೈರಸ್‌ಗಳನ್ನು ಹುಡುಕುತ್ತವೆ. ಯಾವಾಗಲೂ ಗಿಡವೇ ಗೆಲ್ಲುವುದಿಲ್ಲ. ತೊಗರಿಯ ಗೊಡ್ಡು ರೋಗ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹರಡುವ ವೈರಸ್‌ನಿಂದ ಬರುತ್ತದೆ. ಆ ರೋಗ ಬಂದ ಗಿಡ ಹೂ ಕಾಯಿ ಬಿಡದೆ ಹಸಿರಾಗಿಯೇ ನಿಲ್ಲುವುದನ್ನು ರೈತರು ನೋಡಿಯೇ ಇರುತ್ತಾರೆ.

ಮನುಷ್ಯನಲ್ಲಿ ಸುಮಾರು 20 ಸಾವಿರ ಪ್ರೋಟೀನ್ ಜೀನ್‌ಗಳಿವೆ. ಅವುಗಳ ಪ್ರೋಟೀನ್ ಸೂಚನೆ ಇಡೀ ಡಿಎನ್‌ಎಯ ಶೇ 2ಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಗೇಟುಗಳಿವೆ, ಗೇಟು ನಡೆಸುವ ಆರ್‌ಎನ್‌ಎಗಳ ಮೂಲವಿದೆ. ಹೆಂಗಸರ ಪ್ರತಿ ಕೋಶದಲ್ಲಿ ಎರಡು ಎಕ್ಸ್ ವರ್ಣತಂತು ಇರುತ್ತವೆ. ಅವುಗಳಲ್ಲಿ ಒಂದನ್ನು ಎಕ್ಸಿಸ್ಟ್ ಎಂಬ ಉದ್ದದ ಆರ್‌ಎನ್‌ಎ ಕಂಬಳಿಯಂತೆ ಹೊದ್ದುಕೊಂಡು ಸುಮ್ಮನಾಗಿಸುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಮೈಸೂರಿನವರಾದ ಎಂ.ಆರ್.ಎಸ್. ರಾವ್ ಅವರ ತಂಡ, ಇಲಿಯ ವೃಷಣದ ಕೋಶಗಳಲ್ಲಿ ಜೀನ್ ನಿಯಂತ್ರಿಸುವ ಇಂಥದ್ದೇ ಉದ್ದದ ಆರ್‌ಎನ್‌ಎ ಒಂದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು.

ಫಾರ್ವರ್ಡ್ ಬಂದರೆ ಏನು ಹೇಳುವುದು?

ಬಣ್ಣದ ಮೆಕ್ಕೆಜೋಳ ಕುಲಾಂತರಿಯೇ? ಅಲ್ಲ. ಮೆಕ್ಸಿಕೊ, ಪೆರು ಕಡೆಯ ರೈತರು ಬಣ್ಣಬಣ್ಣದ ಮೆಕ್ಕೆಜೋಳವನ್ನು ಸಾವಿರಾರು ವರ್ಷಗಳಿಂದ ಬೆಳೆಯುತ್ತಿದ್ದಾರೆ. ಕುಲಾಂತರಿ ಬೆಳೆಗಳು ಹೊಲಕ್ಕೆ ಬಂದದ್ದು 1990ರ ದಶಕದಲ್ಲಿ. ಕುಲಾಂತರಿ ಮೆಕ್ಕೆಜೋಳ ಬೆಳೆಯಲು ಭಾರತದಲ್ಲಿ ಅನುಮತಿಯೇ ಇಲ್ಲ. ನಮ್ಮ ರೈತರು 2002ರಿಂದ ಅನುಮತಿಯೊಂದಿಗೆ ಬೆಳೆಯುತ್ತಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ.

ನೀರಲ್ಲಿ ಹಾಕಿದರೆ ಬಣ್ಣ ಬಿಡುತ್ತದೆ, ಹಾಗಾದರೆ ಕಲಬೆರಕೆಯೇ? ಇಷ್ಟರಿಂದಲೇ ಹಾಗೆ ಹೇಳಲಾಗದು. ನೇರಳೆ ಮೆಕ್ಕೆಜೋಳದ ಸಹಜ ಬಣ್ಣ ನೇರಳೆ ಹಣ್ಣಿನಲ್ಲಿರುವ ಬಣ್ಣದ ಗುಂಪಿಗೇ ಸೇರಿದ್ದು. ಅದು ನೀರಿನಲ್ಲಿ ಕರಗುತ್ತದೆ.

ಶೇ 98 ಡಿಎನ್‌ಎ ಮಲಗಿದೆಯೇ? ಇಲ್ಲ. ಅದರಲ್ಲಿ ಕೆಲವು ಭಾಗ ಗೇಟಿನ ಕೆಲಸ ಮಾಡುತ್ತಿದೆ, ಬಹಳಷ್ಟು ಭಾಗ ಹಳೆಯ ಜಿಗಿಯುವ ತುಂಡುಗಳ ಅವಶೇಷ. ಅದರಲ್ಲಿ ಗುಪ್ತ ಶಕ್ತಿ ಏನೂ ಅಡಗಿಲ್ಲ. ಉಳ್ಳಾಗಡ್ಡಿಯ ಡಿಎನ್‌ಎ ಮನುಷ್ಯನ ಡಿಎನ್‌ಎಗಿಂತ ಸುಮಾರು ಐದು ಪಟ್ಟು ದೊಡ್ಡದು. ಡಿಎನ್‌ಎ ಹೆಚ್ಚಿದ್ದಷ್ಟೂ ಶಕ್ತಿ ಎನ್ನುವುದಾದರೆ ಉಳ್ಳಾಗಡ್ಡಿ ನಮ್ಮನ್ನು ಹೆಚ್ಚುತ್ತಿರಬೇಕಿತ್ತು.

ಜೀನ್ ಎಬ್ಬಿಸುವ ಪುಡಿ ಕೆಲಸ ಮಾಡುತ್ತದೆಯೇ? ಜೀನ್‌ನ ಬಾಯಿ ಮುಚ್ಚಿಸುವ ಆರ್‌ಎನ್‌ಎ ಔಷಧಗಳು ನಿಜಕ್ಕೂ ಇವೆ. ಅಂಥ ಮೊದಲ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ನರಗಳನ್ನು ಕೆಡಿಸುವ ಒಂದು ಅಪರೂಪದ ವಂಶವಾಹಿ ಕಾಯಿಲೆಗೆ. ಕೊಲೆಸ್ಟರಾಲ್ ಇಳಿಸುವ ಇನ್ನೊಂದು ಔಷಧವೂ ಬಂದಿದೆ. ಇವು ಒಂದೊಂದು ನಿರ್ದಿಷ್ಟ ಜೀನ್‌ಗಾಗಿ ತಯಾರಾದವು, ವರ್ಷಗಟ್ಟಲೆ ರೋಗಿಗಳ ಮೇಲೆ ಪರೀಕ್ಷೆಯಾದವು, ವೈದ್ಯರು ಚುಚ್ಚುಮದ್ದಿನ ರೂಪದಲ್ಲಿ ಕೊಡುವಂಥವು. ಎಲ್ಲ ಜೀನ್‌ಗಳನ್ನೂ ಒಟ್ಟಿಗೆ ಎಬ್ಬಿಸುವ ಪುಡಿ ಯಾವುದೂ ಇಲ್ಲ. ಇದ್ದಿದ್ದರೆ ಅದು ಅಪಾಯವೇ ಆಗುತ್ತಿತ್ತು. ಕಾಲುವೆಯ ಎಲ್ಲ ಗೇಟುಗಳನ್ನೂ ಒಮ್ಮೆಲೇ ಎತ್ತಿದರೆ ಬೆಳೆ ಉಳಿಯುವುದಿಲ್ಲ. ಕ್ಯಾನ್ಸರ್‌ನಲ್ಲಿ ಆಗುವುದೂ ಸ್ವಲ್ಪ ಹೀಗೆಯೇ, ಮುಚ್ಚಿರಬೇಕಾದ ಕೆಲವು ಜೀನ್‌ಗಳು ತೆರೆದುಕೊಂಡಿರುತ್ತವೆ.

ಆರ್‌ಎನ್‌ಎ ಎಂದರೆ ಹೆದರಬೇಕೇ? ನೀವು ತಿನ್ನುವ ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಮೊಟ್ಟೆ, ಸೊಪ್ಪು ಎಲ್ಲದರಲ್ಲೂ ಆರ್‌ಎನ್‌ಎ ಇದೆ. ಹೊಟ್ಟೆಗೆ ಹೋದ ಮೇಲೆ ಅದು ಉಳಿದ ಆಹಾರದಂತೆ ಜೀರ್ಣವಾಗುತ್ತದೆ.

ಬೆಳೆಗೆ ರೋಗ ಬಂದಾಗ ಯಾವುದೋ ಫಾರ್ವರ್ಡ್ ನಂಬಿ ಔಷಧ ಹೊಡೆಯುವ ಬದಲು ಸುರಪುರ ತಾಲ್ಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರ ಅಥವಾ ಭೀಮರಾಯನಗುಡಿ ಕೃಷಿ ಕಾಲೇಜಿನವರನ್ನು ಕೇಳಿ. ಮನುಷ್ಯರ ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕೇಳಿ. ಹೆದರಿಸುವ ಫೋಟೊ ಮತ್ತೆ ಬಂದರೆ, ಕಳಿಸಿದವರ ಮೇಲೆ ಸಿಟ್ಟಾಗದೆ ಈ ಲೇಖನವನ್ನು ಅವರಿಗೆ ಕಳಿಸಿ. ಮನೆಯಲ್ಲಿ ಓದುತ್ತೇನೆ ಎನ್ನುವ ಹುಡುಗಿ ಇದ್ದರೆ ಅವಳಿಗೂ ಓದಲು ಕೊಡಿ.